ಸಾಂತಜ್ಜಿನ್ನ ಹೇರಿಕೊಂಡು ಬಂದ ಬಾಳಪ್ಪ

ನೇಕಾರ ಓಣಿಯ ತಂಗೆವ್ವಗ ಒಬ್ಬನ ಮಗ, ಬಾಳಪ್ಪ. ಎದಿ ಅಗಲ, ತೋಳು ದಪ್ಪ, ತಲಿಯೊಳಗ ಮಾತ್ರ ಬಟಾಬಯಲು. "ಹೇಳಿದ್ದು ಹೇಳಿದಂಗ ಮಾಡ್ತಾನ, ಅದ ನನ್ನ ಹಣೆಬರ!" ಅಂತ ಅವ್ವ ಹಣಿ ಹಣಿ ಬಡಕೊಳ್ಳಾಕಿ.

ಅವರ ಮಗ್ಗಕ್ಕ ಕಣ್ಣಿಲ್ಲ. ರಟ್ಟಿನ ಪಟ್ಟಿಯಾಗ ತೂತು ಹೊಡದು ಏರಿಸಿದರ ಅದರಂಗ ಚಿತ್ತಾರ ನೇಯತೈತಿ. ತೂತು ಹೊಡಿಯಾವ್ರು ಓಣಿಯ ಆ ತುದಿಯ ಮುದುಕರು: ಹೂವಿಗೆ ಈರಪ್ಪಜ್ಜ, ನವಿಲಿಗೆ ಸಾಂತಜ್ಜಿ. ಅವರನ್ನ ಕೈಬಂಡ್ಯಾಗ ಹೇರಿಕೊಂಡು ಬರೋದು ಬಾಳಪ್ಪನ ಕೆಲಸ.

ಒಂದಿನ ಮದಿಮಗಳು ರೇಣವ್ವ ಅಂಗೈಯಗಲ ಸೀರಿಚೂರು ತಂದ್ಲು. "ತೀರಿಹೋದ ನಮ್ಮವ್ವನ ಸೀರಿದು, ಇಷ್ಟ ಉಳದೈತಿ. ಇಂಥದ್ದ ಉಟ್ಟು ತಾಳಿ ಕಟ್ಟಿಸ್ಕೋಬೇಕು, ಚಿಗವ್ವಾ."

"ಎಲ್ಲಾರ್ನೂ ಹೇರಿಕೊಂಡು ಬಾರೋ!" ಅಂದ್ಲು ತಂಗೆವ್ವ.

ಹೋದ. ಬಂದ. ಬಂಡಿ ತುಂಬ ಮಂದಿ! ಅರ್ಧ ಗಡ್ಡ ಬೋಳಿಸಿಕೊಂಡಾಂವ, ಹಿಟ್ಟಿನ ಕೈಯಾಕಿ, ಒಂದು ಮ್ಯಾಕಿ.

"ಮುದುಕರೆಲ್ಲೋ?"

"ಜಾಗ ಸಾಲಲಿಲ್ಲವ್ವಾ, ಬಿಟ್ಟೆ!"

"ಮಂಕೇ! ಇದು ನವಿಲಿನ ಸೀರಿ. ಸಾಂತಜ್ಜಿ ಮನಿಗೆ ಹೋಗು, ಬೇಕಾದ್ದಷ್ಟ ತಾ!"

ಹೋದ. ಬಂದ. ಬಂಡ್ಯಾಗ ಒಂದು ಕನ್ನಡಕ, ಒಂದು ಉಳಿ.

"ಅಜ್ಜಿ ಎಲ್ಲೋ?"

"ನೋಡಾಕ ಕನ್ನಡಕ ಬೇಕು, ಹೊಡಿಯಾಕ ಉಳಿ ಬೇಕು. ಅಜ್ಜಿ ಯಾಕವ್ವಾ? ಬಾಳ ವಜ್ಜಿ!"

"ಅಯ್ಯೋ ನನ ಕರ್ಮ! ನವಿಲು ಆಕಿ ತಲಿಯಾಗ ಐತೋ! ಆಕಿನ್ನ ಕರಕೊಂಡು ಬಾ, ತಂದಮ್ಯಾಲೆ ಕೈ ಬಿಡಬ್ಯಾಡ, ಜ್ವಾಕಿ!"

ಹೋದ. ಬಂದ. ಅಜ್ಜಿನ್ನ ಮಗ್ಗದ ಮುಂದ ಕುಂದ್ರಿಸಿದ, ಎರಡೂ ಕೈ ಗಟ್ಟ್ಯಾಗಿ ಹಿಡಕೊಂಡ. ಊಟದ ಹೊತ್ತಾತು, ಒಂದು ತೂತೂ ಬೀಳಲಿಲ್ಲ.

"ಬಿಡೋ ಮೂಳಾ!" ಅಜ್ಜಿ ಚೀರಿದ್ಲು.

"ಅವ್ವ ಬಿಡಬ್ಯಾಡ ಅಂದಾಳ!"

ಅವ್ವ ಲಟ್ಟಣಗಿ ತಂದ ಮ್ಯಾಲೆ ಬಿಟ್ಟ. ಅಜ್ಜಿ ಟಕಟಕ ತೂತು ಹೊಡದ್ಲು, ಪಟ್ಟಿ ಏರಿಸಿದ್ರು, ಸೀರಿ ನೇಯ್ದ್ರು. ಆಹಾ, ಸೆರಗಿನ ತುಂಬ ನವಿಲು ಕುಣದಂಗ! ಲಗ್ನದ ಹಿಂದಿನ ದಿನ ತಂಗೆವ್ವ ರೇಣವ್ವನ್ನ ಕರಿಯಾಕ ಹೊಂಟ್ಲು.

"ಬಾಳ್ಯಾ, ಸೀರಿನ್ನ ಆ ಹಳೇ ಚೂರಿನ ಮ್ಯಾಲೆ ಇಟ್ಟು ನೋಡು. ಒಂಚೂರು ಹೆಚ್ಚುಕಮ್ಮಿ ಇರಬಾರದು, ತಿಳೀತಾ?"

"ತಿಳೀತವ್ವಾ!"

ಇಬ್ಬರೂ ತಿರುಗಿ ಬಂದಾಗ ಬಾಳಪ್ಪ ಬಾಗಲದಾಗ ನಗಕೋತ ನಿಂತಿದ್ದ. ಒಂದು ಅಂಗೈಯಾಗ ಹಳೇ ಚೂರು. ಇನ್ನೊಂದು ಅಂಗೈಯಾಗ ಹೊಸಾ ಚೂರು.

"ನೋಡವ್ವಾ, ಎಳಿಯಷ್ಟೂ ಹೆಚ್ಚುಕಮ್ಮಿ ಇಲ್ಲ!"

ರೇಣವ್ವ ಕಂಬ ಹಿಡಕೊಂಡ್ಲು. ತಂಗೆವ್ವ ಮಗನ ತೋಳು ಹಿಡದು ಜಗ್ಗಿದ್ಲು. "ಉಳದದ್ದೆಲ್ಲೋ, ಪಾಪೀ?"

"ಅದು ಹೆಚ್ಚಾಗಿತ್ತವ್ವಾ. ಒಲಿಗೆ ಹಾಕಿದೆ!"