ಸಿಂಗ್ರ ಕೇರಿ ಮಣ್ಣು ಅಳೆಸಿದ್ದು

ಕೇಳ್ರಪ್ಪಾ, ಪಟ್ಟಣದ ನಡುವೆ ಬಂಡೆ ಮೇಲೊಂದು ಕೇರಿ. ಅಲ್ಲಿ ತಿಪ್ಪವ್ವ ಅಂತ, ಅವಳಿಗೆ ಸಿಂಗ್ರ ಅಂತ ಒಬ್ಬನೇ ಮಗ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ತಾಯಿಗೆ ತಲೆನೋವು!

ಒಂದಿನ ಬಿಲ್ಡರ್ ತೋಂಟಪ್ಪ ಬಂದ. "ಈ ಮಣ್ಣಲ್ಲಿ ವಿಕಿರಣ ಐತೆ! ಸತ್ತೋಗ್ತೀರಿ, ಜಾಗ ಬಿಡಿ!"

ತಿಪ್ಪವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದ್ಲು. "ಅಳೆಸ್ತೀವಿ, ಆಮೇಲೆ ಮಾತು!"

ಅಳೆಯೋಕೆ ಕಾಲೇಜಿನ ನಫೀಸಾ ಮೇಡಮ್ಮು ಬಂದ್ರು. ಸಿಂಗ್ರನೇ ಕೈಯಾಳು.

"ಹಿತ್ತಲ ಮಣ್ಣು ತಾರಪ್ಪ" ಅಂದ್ರು. ತಂದ, ಬೊಗಸೇಲಿ. ದಾರೀಲೆಲ್ಲ ಸೋರಿ, ಬಂದಾಗ ಬರೀ ಕೈ!

"ಥೂ ಪೆದ್ದೇ! ಚೀಲಕ್ಕೆ ತುಂಬಿ, ಬಾಯಿ ಬಿಗಿದು ತರಬಾರದಾ?" ಅಂದ್ಲು ತಾಯಿ.

"ಹಂಗೇ ಆಗ್ಲವ್ವ!"

ಆಮೇಲೆ ಮೇಡಮ್ಮು ವಿಕಿರಣ ಅಳೆಯೋ ಮೀಟರ್ ತಾ ಅಂದ್ರು. ಗೋಣಿಚೀಲಕ್ಕೆ ತುರುಕಿದ, ಬಾಯಿ ಬಿಗಿದ, ನೆಲದ ಮೇಲೆ ದರದರ ಎಳಕೊಂಡು ಬಂದ!

"ಅಯ್ಯೋ ನಿನ್ನ! ನೆಲ ತಾಕಿಸದೆ ಸೊಂಟದ ಮಟ್ಟಕ್ಕೆ ಎತ್ತಿ ಹಿಡೀಬೇಕು. ಅದು ಕೀಂಯ್ ಕೀಂಯ್ ಅಂತ ಎಷ್ಟೇ ಅರಚಿದ್ರೂ ಬಿಡಬಾರದು!"

"ಹಂಗೇ ಆಗ್ಲವ್ವ!"

ಅಷ್ಟರಲ್ಲಿ ತೋಂಟಪ್ಪ ಮತ್ತೆ ಬಂದ. "ಅವರನ್ನ ಮೇಡಮ್ಮನ ಹತ್ರ ಕರಕೊಂಡು ಹೋಗು" ಅಂದ್ಲು ತಿಪ್ಪವ್ವ. ಸಿಂಗ್ರ ಸೊಂಟದ ಮಟ್ಟಕ್ಕೆ ಎತ್ತಿಕೊಂಡೇ ಹೋದ!

"ಇಳಿಸೋ! ಇಳಿಸೋ!"

ಎಷ್ಟು ಅರಚಿದ್ರೂ ಬಿಡಲಿಲ್ಲ. ಕೇರಿಗೆ ಕೇರಿಯೇ ನಕ್ಕಿತು. ತೋಂಟಪ್ಪ ಉರಿದುಹೋದ, ಕೇರಿ ಸುತ್ತ ಆಳೆತ್ತರದ ತಗಡಿನ ಬೇಲಿ ಹೊಡೆಸಿ, ಕಾವಲಿಗೆ ಆಳಿಟ್ಟುಬಿಟ್ಟ.

"ಮುಟ್ಠಾಳ! ಇನ್ಮೇಲೆ ನನ್ನ ಮಾತು ಬೇಡ, ಮೇಡಮ್ಮು ಹೇಳಿದ್ದಷ್ಟೇ ಮಾಡು!"

"ಹಂಗೇ ಆಗ್ಲವ್ವ!"

ಕೊನೆಗೆ ಮೇಡಮ್ಮು ತಾವೇ ಮಣ್ಣು ತುಂಬಿಕೊಂಡು ಹೋಗಿ, ಪರೀಕ್ಷೆ ಮಾಡಿ ಬಂದ್ರು. "ಬಂಡೆ ಇರೋ ಕಡೆ ಇಷ್ಟು ವಿಕಿರಣ ಇದ್ದೇ ಇರುತ್ತೆ. ಜಾಗ ಬಿಡೋ ಅಷ್ಟಿಲ್ಲ. ಆದ್ರೆ ನೆಲದಿಂದ ಏಳೋ ಅನಿಲ ಮುಚ್ಚಿದ ಮನೇಲಿ ನಿಂತ್ರೆ, ವರ್ಷಗಟ್ಟಲೆ ಉಸಿರಾಡಿದ್ರೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿಗೆ ಅಡ್ಡ ಇರೋದನ್ನೆಲ್ಲ ತೆಗೀರಿ."

ಸಿಂಗ್ರ ಹಾರೆ ತಗೊಂಡ. ತಿಪ್ಪವ್ವ ನೀರು ತರೋದ್ರೊಳಗೆ ತೋಂಟಪ್ಪನ ತಗಡೆಲ್ಲ ನೆಲಕ್ಕೆ! ಕಾವಲಿನೋರು ಎದ್ದೆವೋ ಬಿದ್ದೆವೋ ಅಂತ ಓಡ್ತಾವ್ರೆ.

"ಭಲೇ ಮಗನೇ!" ಅಂದ್ಲು ತಿಪ್ಪವ್ವ, ಮೊದಲ ಸಲ. ಹಂಗೇ ಮನೆ ಕಡೆ ತಿರುಗಿದ್ಲು.

"ಲೋ, ನಮ್ಮನೆ ಬಾಗಿಲೆಲ್ಲೋ?"

"ಕಿತ್ತೆ ಕಣವ್ವ."

"ಕಿಟಕಿ?"

"ಅದೂನೂವೆ."

ಚಾವಣಿ ಶೀಟಿನ ಮೇಲೆ ಕೂತು, ಮೊಳೆ ಮೀಟ್ತಾ ಹೇಳ್ದ: "ಸ್ವಲ್ಪ ತಡಿ, ಇದೊಂದು ಬಾಕಿ ಐತೆ!"