ಸಿಂಗಾರಿ ಎಣ್ಣೆ ಹಚ್ಚಿಕೊಂಡದ್ದು

ಹುಲಿಕೆರೆಗೆ ಹೆಸರಿನಲ್ಲಷ್ಟೇ ಹುಲಿ ಇತ್ತು, ಮಕ್ಕಳೇ. ದರ್ಬಾರೆಲ್ಲ ಕಪ್ಪೆಗಳದ್ದು. ದಡದ ನೇರಳೆ ಮರದಲ್ಲಿ ಸಿಂಗಾರಿ ಎಂಬ ಅಳಿಲು ಇದ್ದಳು. ಕೆಳಗಿನ ಜೊಂಡಿನಲ್ಲಿ ಬೋರಕ್ಕ ಎಂಬ ಶಿಳ್ಳೆಬಾತು. ನೆರೆಹೊರೆ ಎಂದಮೇಲೆ ಮಾತುಕತೆ ಇತ್ತು, ಹೊಟ್ಟೆಕಿಚ್ಚೂ ಇತ್ತು. ಕಿಚ್ಚೆಲ್ಲ ಸಿಂಗಾರಿಯ ಪಾಲಿನದು.

ಆ ಬೇಸಿಗೆಯಲ್ಲಿ ಗೂಬೆಯ ಸಂಸಾರ ಬೇರೆ ಕಾಡಿಗೆ ಹೋಗಿ, ನೇರಳೆ ಮರದ ಪೊಟರೆ ಖಾಲಿಯಾಯಿತು. ಒಂದು ಹನಿಯೂ ಒಳಗಿಳಿಯದ ಪೊಟರೆ! ಮಳೆಗಾಲ ಹತ್ತಿರವಿತ್ತು, ಇಬ್ಬರಿಗೂ ಹುಟ್ಟಲಿರುವ ಮರಿಗಳ ಚಿಂತೆ. ಸಿಂಗಾರಿಯ ನಾರಿನ ಗೂಡಂತೂ ಹಿಂದಿನ ವರ್ಷ ಜರಡಿಯ ಹಾಗೆ ಸೋರಿತ್ತು.

ಪೊಟರೆ ನನಗೇ ಬೇಕು ಎಂದು ಇಬ್ಬರೂ ಹಟ ಹಿಡಿದಾಗ, ನ್ಯಾಯ ಹೇಳಲು ಕೊಕ್ಕರೆ ಮೇಷ್ಟ್ರು ಬಂದರು. "ಬರೀ ಓಟ ಇಟ್ಟರೆ ಸಿಂಗಾರಿ ಗೆಲ್ತಾಳೆ, ಬರೀ ಈಜು ಇಟ್ಟರೆ ಬೋರಕ್ಕ ಗೆಲ್ತಾಳೆ. ಅದಕ್ಕೇ ಮೂರಾಟದ ಪಂದ್ಯ. ಕೆರೆ ಈಜಿ, ಆಚೆ ಬಯಲು ಓಡಿ, ಕೊನೆಗೆ ಬಂಡೆ ಹತ್ತಬೇಕು. ನಡುವೆ ಕೂರೋ ಹಾಗಿಲ್ಲ. ಬೋರಕ್ಕಾ, ರೆಕ್ಕೆ ಬಿಚ್ಚಿದೆಯೋ, ಸೋತೆ! ಹುಣ್ಣಿಮೆ ದಿನ ಬೆಳಗ್ಗೆ ಪಂದ್ಯ."

ಮರುದಿನ ಬೋರಕ್ಕ ಮರದ ಕೆಳಗೆ ನಿಂತು ಕರೆದಳು. "ಸಿಂಗಾರೀ, ನಂಗೆ ಬಂಡೆ ಹತ್ತೋದು ಹೇಳಿಕೊಡೇ. ನಿಂಗೆ ನಾನು ಈಜು ಕಲಿಸ್ತೀನಿ."

"ನನಗ್ಯಾಕಮ್ಮಾ ನಿನ್ನ ಪಾಠ? ನೀನು ಬಿದ್ದು ಎದ್ದು ಕಲಿ. ಊರಿಗೂ ನಗೋಕೆ ಏನಾದ್ರೂ ಬೇಕಲ್ಲ!"

ಬೋರಕ್ಕ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಓಡಲು ಹೋದರೆ ಕಾಲಿಗೆ ಕಾಲು ತೊಡರುತ್ತಿತ್ತು. ಆದರೂ ದಿನಕ್ಕೊಂದಿಷ್ಟು ಮೇಲೇರಿದಳು. ನಗಲು ಬಂದ ಕಪ್ಪೆಗಳೇ "ಭಲೇ ಬೋರಕ್ಕ!" ಎಂದು ವಟಗುಟ್ಟತೊಡಗಿದವು.

ಸಿಂಗಾರಿಯ ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. 'ನಾನು ಹುಟ್ಟಿದಾಗಿನಿಂದ ಮರ ಹತ್ತಿ ಇಳೀತಿದೀನಿ. ಒಂದು ಕಪ್ಪೆಯಾದರೂ ಭಲೇ ಅಂದಿದೆಯಾ?'

ನೀರಿಗಿಳಿದು ಕೈಕಾಲು ಬಡಿಯುವುದನ್ನಾದರೂ ಕಲಿಯಬಹುದಿತ್ತಲ್ಲ? ಇಲ್ಲ. ಅವಳು ಕೊಂಬೆಯ ಮರೆಯಲ್ಲಿ ಕೂತು, ಬೋರಕ್ಕ ಏನು ತಿಂದಳು, ಎಲ್ಲಿ ಮಲಗಿದಳು ಎಂದು ಇಣುಕುತ್ತಲೇ ದಿನ ಕಳೆದಳು. ಹಾಗೆ ಇಣುಕುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೋರಕ್ಕ ಬಾಲದ ಬುಡಕ್ಕೆ ಕೊಕ್ಕು ತಾಗಿಸಿ, ಅದನ್ನು ಗರಿಗಳ ಮೇಲೆಲ್ಲ ಸವರಿಕೊಂಡಳು. ನೀರಿನ ಹನಿಗಳು ಕೆಸುವಿನೆಲೆಯ ಮೇಲಿಂದ ಜಾರುವ ಹಾಗೆ ಜಾರಿದವು.

'ಓಹೋ, ಎಣ್ಣೆ! ಇದೋ ಇವಳ ಗುಟ್ಟು!'

ಕೇಳಿ ತಿಳಿಯಲು ಬಿಂಕ ಬಿಡಬೇಕಲ್ಲ? ಕೆರೆಯಂಚಿನ ಹರಳುಗಿಡದ ಬೀಜ ಉದುರಿಸಿ, ಕಲ್ಲಿನ ಮೇಲೆ ಜಜ್ಜಿದಳು. ಪಂದ್ಯದ ಬೆಳಗ್ಗೆ ಮೀಸೆಯಿಂದ ಬಾಲದ ತುದಿಯವರೆಗೂ ಅಂಟಂಟು ಹರಳೆಣ್ಣೆ ಬಳಿದುಕೊಂಡೇ ಬಂದಳು.

"ಏನಮ್ಮಾ, ದೀಪಾವಳಿ ಇನ್ನೂ ದೂರ ಇದೆಯಲ್ಲ?" ಎಂದರು ಮೇಷ್ಟ್ರು.

"ನೀವು ಪಂದ್ಯ ಶುರು ಮಾಡಿ ಮೇಷ್ಟ್ರೇ!"

ಕೊಕ್ಕರೆ ಮೇಷ್ಟ್ರು ಎತ್ತಿದ್ದ ಕಾಲು ಕೆಳಗಿಟ್ಟರು. ಇಬ್ಬರೂ ನೀರಿಗೆ ಧುಮುಕಿದರು.

ಸಿಂಗಾರಿ ಮುಳುಗಿ, ತೇಲಿ, ಅರ್ಧ ಕೆರೆ ಕುಡಿದು ಹೇಗೋ ಆಚೆ ದಡ ಸೇರಿದಳು. ಬೋರಕ್ಕ ಆಗಲೇ ಬಯಲಿನಲ್ಲಿ ತುಯ್ದಾಡುತ್ತ ಓಡುತ್ತಿದ್ದಳು. ಬಾತಿನ ಓಟವೆಂದರೆ ಎಷ್ಟರದು! ಸಿಂಗಾರಿ ಬಾಣದಂತೆ ನುಗ್ಗಿದಳು. ಎಣ್ಣೆಗೆ ಧೂಳು ಮೆತ್ತಿತು, ಧೂಳಿಗೆ ತರಗೆಲೆ ಅಂಟಿತು, ಮುಳ್ಳುಕಾಯಿಗಳೂ ಜೊತೆಯಾದವು. ಆದರೂ ಬಂಡೆಯ ಬುಡದಲ್ಲಿ ಬೋರಕ್ಕನನ್ನು ಹಿಂದೆ ಹಾಕಿಯೇಬಿಟ್ಟಳು. ಅವಳ ಮುಖ ಎಷ್ಟು ಬಾಡಿದೆ ಎಂದು ತಿರುಗಿ ನೋಡಿ, ನಕ್ಕು, ಬಂಡೆಗೆ ನೆಗೆದಳು.

ಜರ್ರನೆ ಜಾರಿದಳು!

ಉಗುರಿನ ಸಂದಿಯಲ್ಲೆಲ್ಲ ಜಿಗುಟು ಕೆಸರು. ಮತ್ತೆ ನೆಗೆದಳು, ಮತ್ತೆ ಜಾರಿದಳು. ಅವಳ ಪಕ್ಕದಲ್ಲೇ ಬೋರಕ್ಕ ಹೆಜ್ಜೆ ಊರಿ, ಉಸಿರು ಬಿಟ್ಟು, ಹೆಜ್ಜೆ ಊರಿ ಮೇಲೇರಿದಳು. ತುದಿಯಿಂದ ಶಿಳ್ಳೆ ಕೇಳಿಸಿತು.

"ಮೋಸ!" ಕಿರುಚಿದಳು ಸಿಂಗಾರಿ. "ನೀನೂ ಎಣ್ಣೆ ಹಚ್ಚಿಕೊಂಡಿದ್ದೀಯ!"

"ಅದು ನನ್ನ ಬಾಲದ ಬುಡದಲ್ಲೇ ಹುಟ್ಟುತ್ತೆ ಕಣೇ," ಎಂದಳು ಬೋರಕ್ಕ. "ಕೇಳಿದ್ದರೆ ಹೇಳ್ತಿರಲಿಲ್ವಾ?"

ಮೇಷ್ಟ್ರು ಕತ್ತು ಕೊಂಕಿಸಿದರು. "ಮೂರರಲ್ಲಿ ಎರಡು ಆಟ ನಿನ್ನವೇ ಆಗಿದ್ದವಲ್ಲ ತಾಯೀ! ಮೈಗೆ ಏನೂ ಬಳಿಯದೆ ಸುಮ್ಮನೆ ಬಂದಿದ್ದರೂ ಪೊಟರೆ ನಿನ್ನದೇ ಆಗ್ತಿತ್ತು."

ಮೊದಲ ಮಳೆ ಸುರಿದಾಗ ಪೊಟರೆಯೊಳಗೆ ಬಾತಿನ ಮರಿಗಳು ಬೆಚ್ಚಗೆ ನಿದ್ದೆಹೋಗಿದ್ದವು. ಸಿಂಗಾರಿ ಸೋರುವ ಗೂಡಿನಲ್ಲಿ ಮರಿಗಳ ಮೇಲೆ ಬಾಲವನ್ನು ಕೊಡೆಯಂತೆ ಹಿಡಿದು ಕೂತಿದ್ದಳು.

ನೀತಿ: ಪರರ ಗುಟ್ಟಿನ ಮೇಲೆ ಕಣ್ಣಿಟ್ಟವರಿಗೆ ತಮ್ಮ ಕೈಯಲ್ಲಿರುವ ಗೆಲುವು ಕಾಣಿಸುವುದಿಲ್ಲ.