ಜಿರಾಫೆಯ ನಾಲಿಗೆ ನೇರಳೆಯಾದದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಹೊಸದೆಂದರೆ, ಅದಕ್ಕೆ ಬಳಿದ ಬಣ್ಣವೇ ಇನ್ನೂ ಆರಿರಲಿಲ್ಲ. ಒಂದು ಗಿಳಿ ಮಾವಿನೆಲೆಗೆ ಒರಗಿ ಕೂತರೆ ಗಿಳಿಗಳ ಕುಲವೆಲ್ಲ ಹಸಿರಾಗುತ್ತಿತ್ತು. ಒಂದು ಹುಂಜ ದಾಸವಾಳದ ಗಿಡದೊಳಗೆ ತಲೆ ತೂರಿಸಿದರೆ ಹುಂಜಗಳ ಜುಟ್ಟೆಲ್ಲ ಕೆಂಪಾಗುತ್ತಿತ್ತು. ಆ ಕೂಡಲೇ ತೊಳೆದುಕೊಂಡವರು ಬಚಾವು. ತೊಳೆಯದವರಿಗೆ ಹತ್ತಿದ ಬಣ್ಣ ಮೊಮ್ಮಕ್ಕಳ ಕಾಲಕ್ಕೂ ಹೋಗುತ್ತಿರಲಿಲ್ಲ.

ಆ ಕಾಲದಲ್ಲಿ ಮರ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು. ಮನುಷ್ಯರಿಗೂ ಅದು ಕೇಳುತ್ತಿತ್ತು. ಕೇಳುವಷ್ಟು ಪುರುಸೊತ್ತು ಇರಬೇಕಿತ್ತು, ಅಷ್ಟೆ.

ಬೆಟ್ಟದ ಬುಡದಲ್ಲಿ ಒಂದು ಪಟ್ಟಣವಿತ್ತು. ಅಲ್ಲಿನ ಅರಸನಿಗೆ ಒಂದು ಆಸೆ. "ನನ್ನ ಜನ ಲೋಕವನ್ನೆಲ್ಲ ಸುತ್ತಿ ಬರಲಾರರು. ಲೋಕವೇ ನಮ್ಮೂರಿಗೆ ಬಂದರೆ ಹೇಗೆ?" ಎಂದುಕೊಂಡ. ಕೆರೆಯ ಪಕ್ಕ ಒಂದು ದೊಡ್ಡ ತೋಟ ಮಾಡಿಸಿದ. ಮೊದಲು ಒಂದು ಜೋಡಿ ಜಿಂಕೆ ಬಂದವು. ಕಾಲು ಮುರಿದುಕೊಂಡಿದ್ದ ಹುಲಿಯೊಂದನ್ನು ಕಾಡಿನವರು ಗಾಡಿಯಲ್ಲಿ ಮಲಗಿಸಿ ತಂದರು. ಆನೆ ತಾನೇ ನಡೆದು ಬಂತು. ಸಿಂಹ ಬಂದ ದಿನವಂತೂ ಪಟ್ಟಣದಲ್ಲಿ ಯಾರ ಮನೆಯ ಒಲೆಯೂ ಹೊತ್ತಲಿಲ್ಲ. ಹೆಂಗಸರು ಮಕ್ಕಳು ಎಲ್ಲರೂ ಬೇಲಿಯ ಪಕ್ಕ ನಿಂತಿದ್ದರು!

ಆ ತೋಟದ ದೊಡ್ಡತನ ಏನು ಗೊತ್ತೇ? ಬಂದ ಪ್ರಾಣಿಗಳೆಲ್ಲ ಬಡಕಲಾಗಿ, ಹೆದರಿ, ಊರು ಬಿಟ್ಟ ದುಃಖದಲ್ಲಿ ಬರುತ್ತಿದ್ದವು. ಅಲ್ಲಿನ ಜನ ಅವನ್ನು ಮನೆಗೆ ಬಂದ ಬಾಣಂತಿಯಂತೆ ನೋಡಿಕೊಂಡರು. ಯಾವ ದಿಕ್ಕಿನಿಂದ ಬಂದ ಜೀವವೂ ಆ ತೋಟದಲ್ಲಿ ಪರದೇಶಿಯಾಗಲಿಲ್ಲ.

ಆಮೇಲೆ ಒಂದು ದಿನ, ಸಮುದ್ರ ದಾಟಿ, ಹಡಗಿಳಿದು, ಜಿರಾಫೆ ಬಂದಳು.

ಅವಳ ತಲೆ ಊರಬಾಗಿಲಿನಲ್ಲಿ ಹಿಡಿಸಲಿಲ್ಲ. ಕೆರೆ ಏರಿಯ ಮೇಲೆ ಬಳಸಿಕೊಂಡು ಕರೆತಂದರು. ಮೈತುಂಬ ಕಂದು ಚುಕ್ಕೆ, ಉದ್ದನೆಯ ರೆಪ್ಪೆ. ಆಗ ಅವಳ ನಾಲಿಗೆ ತುದಿಯಿಂದ ಬುಡದವರೆಗೂ ಗುಲಾಬಿ ಬಣ್ಣದ್ದು. ಒಂದೇ ಕೊರತೆ: ಅವಳಿಗೆ ದನಿ ಇರಲಿಲ್ಲ. ಹಸಿವಾದರೂ ಹೇಳಲಾರಳು, ನೋವಾದರೂ ಹೇಳಲಾರಳು.

ಅವಳನ್ನು ನೋಡಿಕೊಳ್ಳುವ ಕೆಲಸ ಮಂಟಯ್ಯನ ಪಾಲಿಗೆ ಬಂತು. ಮಂಟಯ್ಯ ಮೊದಲು ಅರಮನೆಯ ದನದ ಕೊಟ್ಟಿಗೆಯಲ್ಲಿದ್ದವನು. ದನದ ವಿಷಯದಲ್ಲಿ ಅವನ ಮಾತೆಂದರೆ ಮಾತು. ಒಳ್ಳೆಯವನು, ಆದರೆ ಬಾಯಿ ಮುಚ್ಚುತ್ತಿರಲಿಲ್ಲ. ಬಾಯಿ ಮುಚ್ಚದವನಿಗೆ ಕಿವಿ ತೆರೆಯುವುದು ಕಷ್ಟ.

ಅವನು ಜಿರಾಫೆಯನ್ನು ಒಂದು ಸುತ್ತು ಹಾಕಿ ನೋಡಿದ. "ಕೊಂಬು ಐತೆ. ಗೊರಸು ಐತೆ. ಮೆಲುಕು ಹಾಕ್ತದೆ. ಇದು ದನವೇ ಕಣ! ಕತ್ತು ಒಸಿ ಉದ್ದ, ಅಷ್ಟೆ" ಎಂದು ತೀರ್ಪು ಕೊಟ್ಟ. ದನಕ್ಕೆ ಇಡುವಂತೆ ಚುಕ್ಕಿ ಎಂದು ಹೆಸರಿಟ್ಟ.

ಹೊಸ ದನಕ್ಕೆ ಮನೆ ಒಗ್ಗುವ ತನಕ ಹಗ್ಗ ಬಿಚ್ಚಬಾರದು. ಅದು ದನ ಕಟ್ಟುವವರ ಪದ್ಧತಿ. ಮಂಟಯ್ಯ ಅವಳಿಗೆಂದು ಬೇಲಿ ಕಟ್ಟಿದ್ದ ಅಂಗಳದಲ್ಲಿ ಗೂಟ ಹೊಡೆದ. ಚುಕ್ಕಿಯ ಕತ್ತಿಗೆ ಗಿಡ್ಡ ಹಗ್ಗ ಹಾಕಿ ಬಿಗಿದ. ಅವಳ ಮುಂದೆ ನೆಲದ ಮೇಲೆ ಎಳೆ ಹುಲ್ಲು ಹರಡಿ, ಬಾನಿಯಲ್ಲಿ ಬೂಸ ಕಲಸಿಟ್ಟ.

"ತಿನ್ನವ್ವ" ಎಂದ.

ಚುಕ್ಕಿ ತಿನ್ನಲಿಲ್ಲ.

ಆ ಅಂಗಳದ ಬೇಲಿಗೆ ಒತ್ತಿಕೊಂಡು ಒಂದು ನೇರಳೆಮರವಿತ್ತು. ಅದರ ಕೊಂಬೆಗಳು ಅಂಗಳದ ಮೇಲೆಲ್ಲ ಚಾಚಿದ್ದವು. ಮರ ಮೆಲ್ಲಗೆ ಹೇಳಿತು: "ಮಂಟಯ್ಯ, ಮೇಲೆ ನೋಡು."

"ಸುಮ್ಕಿರವ್ವ, ನಾನೀಗ ದನ ಮೇಯಿಸ್ತಿವ್ನಿ" ಎಂದ ಮಂಟಯ್ಯ. ದನ ಕಾಯುವವನ ಕಣ್ಣು ಹುಲ್ಲಿನ ಮೇಲೆ. ಅವನು ನೆಲ ನೋಡಿದ. ಮೇಲೆ ನೋಡಲಿಲ್ಲ.

ಮರುದಿನವೂ ಚುಕ್ಕಿ ತಿನ್ನಲಿಲ್ಲ. ಪಕ್ಕದ ಅಂಗಳದಿಂದ ಆನೆ ಸೊಂಡಿಲು ಚಾಚಿ, "ಕಬ್ಬು ಕೊಟ್ಟು ನೋಡಪ್ಪ. ಕಬ್ಬು ಬೇಡ ಅಂದವರನ್ನ ನಾನಂತೂ ಕಂಡಿಲ್ಲ" ಎಂದಿತು. ಮಂಟಯ್ಯ ಕಬ್ಬು ತಂದು ನೆಲದ ಮೇಲೆ ಹಾಕಿದ. ಚುಕ್ಕಿ ಮೂಸಿಯೂ ನೋಡಲಿಲ್ಲ. ಆಚೆಯಿಂದ ಹುಲಿ ಆಕಳಿಸುತ್ತಾ, "ಅಷ್ಟು ಕಷ್ಟ ಯಾಕೆ? ಅವಳನ್ನ ಒಂದು ಗಳಿಗೆ ನನ್ನ ಕಡೆ ಕಳಿಸು, ಹಸಿವೇ ಇಲ್ಲದಂಗೆ ಮಾಡ್ತೀನಿ" ಎಂದಿತು.

"ನಿನ್ನ ಬುದ್ಧಿ ಎಲ್ಲಿಗೆ ಹೋದೀತು!" ಎಂದು ಮಂಟಯ್ಯ ಗದರಿದ. ಹುರುಳಿ ಬೇಯಿಸಿ ತಂದ. ರಾಗಿಮುದ್ದೆಗೆ ಬೆಲ್ಲ ಸವರಿ ತಂದ. ಎಲ್ಲವನ್ನೂ ಬಾನಿಗೇ ಹಾಕಿದ.

ಆಷಾಢದ ಗಾಳಿ ಅವನ ಪೇಟದ ತುದಿ ಎಳೆದು ಹೇಳಿತು: "ಮಂಟಯ್ಯ, ಮೇಲೆ ನೋಡೋ."

"ಪೇಟ ಹಾರಿಸ್ಬ್ಯಾಡ ಹೋಗು ಅತ್ಲಾಗೆ" ಎಂದು ಅವನು ಪೇಟವನ್ನು ಒತ್ತಿ ಹಿಡಿದುಕೊಂಡ. ನೆಲ ನೋಡಿದ. ಮೇಲೆ ನೋಡಲಿಲ್ಲ.

ಇತ್ತ ಮಂಟಯ್ಯನ ಹೆಂಡತಿ ಸಣ್ಣತಾಯಮ್ಮನಿಗೂ ಅದೇ ತೋಟದಲ್ಲಿ ಕೆಲಸ. ದಾರಿಗಳನ್ನೆಲ್ಲ ಗುಡಿಸುವುದು ಅವಳೇ. ಅವಳಿಗೂ ನೇರಳೆಮರಕ್ಕೂ ಎಣ್ಣೆ ಸೀಗೆಕಾಯಿ. ಅದು ಹಣ್ಣಿನ ಕಾಲ. ಗಾಳಿ ಬೀಸಿದರೆ ಸಾಕು, ಪಟಪಟನೆ ಹಣ್ಣು ಉದುರಿ ದಾರಿಯೆಲ್ಲ ಕಲೆ.

"ಈ ಮರಕ್ಕೆ ಒಂದು ಗತಿ ಕಾಣಿಸ್ಬಾರ್ದಾ! ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಯ್ತು. ಉಗುರೆಲ್ಲ ಕರ್ರಗಾಯ್ತು" ಎಂದು ದಿನಾ ಬೆಳಿಗ್ಗೆ ಪೊರಕೆ ಎತ್ತಿ ಬೈಯುತ್ತಿದ್ದಳು.

ಒಂದು ದಿನ ತೋಟದ ಯಜಮಾನಿಕೆ ಹೊತ್ತ ಪಾರುಪತ್ತೇಗಾರರು ಆ ದಾರಿಯಲ್ಲಿ ಬಂದರು. ಹಾಲಿನಂಥ ಬಿಳಿ ಪಂಚೆ. ಗಾಳಿಗೆ ಏನು ಹುಡುಗಾಟಿಕೆ ಬಂತೋ, ಮರವನ್ನು ಒಮ್ಮೆ ಅಲುಗಿಸಿತು. ಪಂಚೆಯ ತುಂಬ ನೇರಳೆ ಚಿತ್ತಾರ! ಪಾರುಪತ್ತೇಗಾರರಿಗೆ ಸಿಟ್ಟು ನೆತ್ತಿಗೇರಿತು.

"ನಾಳೆ ಬೆಳಿಗ್ಗೆ ಈ ಮರ ಇಲ್ಲಿರಕೂಡದು. ಕೊಡಲಿಯವರಿಗೆ ಹೇಳಿ" ಎಂದು ಹೊರಟುಹೋದರು.

ಗಾಳಿ ಹೆದರಿ ನಿಂತುಬಿಟ್ಟಿತು. "ಅಯ್ಯೋ, ನನ್ನ ಆಟಕ್ಕೆ ನಿನ್ನ ತಲೆ ಹೋಯಿತಲ್ಲೇ" ಎಂದು ಮರದ ಹತ್ತಿರ ಅತ್ತುಕೊಂಡಿತು. ಮರ ಹೇಳಿತು: "ಹೋದರೆ ಹೋಗಲಿ ಬಿಡು. ನನ್ನ ನೆತ್ತಿಯ ಹಣ್ಣು ಇಷ್ಟು ಸಿಹಿಯಾಗಿದೆ. ಒಂದು ಬಾಯಿಗೂ ನಿಲುಕಲಿಲ್ಲ, ಬಿದ್ದು ಬೈಸಿಕೊಂಡದ್ದೇ ಆಯಿತು. ಅದೇ ನನಗೆ ಸಂಕಟ."

ಆ ಸಂಜೆ ಚುಕ್ಕಿಯ ಕಾಲು ನಡುಗತೊಡಗಿದವು. ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಉದ್ದನೆಯ ರೆಪ್ಪೆ ಅರ್ಧ ಮುಚ್ಚಿದ್ದವು. ಎಷ್ಟೊಂದು ಕರುಗಳನ್ನು ಬದುಕಿಸಿದ ಮಂಟಯ್ಯನಿಗೆ ಈ ಒಂದು ಜೀವ ಕೈಬಿಟ್ಟು ಹೋಗುತ್ತಿದೆ ಎಂದು ಗೊತ್ತಾಯಿತು. ಮೊದಲ ಸಲ ಅವನ ಬಾಯಲ್ಲಿ ಮಾತು ಹೊರಡಲಿಲ್ಲ.

ಅವನ ಅಪ್ಪ ಹೇಳುತ್ತಿದ್ದ ಒಂದು ಮಾತು ನೆನಪಾಯಿತು. ಸಾಯುವ ದನವನ್ನು ಹಗ್ಗದಲ್ಲಿ ಬಿಡಬಾರದು. ಗೂಟದಲ್ಲಿ ಹೋದ ಜೀವ ಗೂಟಕ್ಕೇ ಸುತ್ತುತ್ತಿರುತ್ತದೆ.

ಮಂಟಯ್ಯ ಹಗ್ಗ ಬಿಚ್ಚಿದ. "ನಿನ್ನೂರು ನಂಗೆ ಗೊತ್ತಿಲ್ಲ. ನಿನ್ನ ಹಸಿವು ನಂಗೆ ಅರ್ಥವಾಗ್ನಿಲ್ಲ. ತಪ್ಪಾಯ್ತು ಮಗಳೇ, ಹೋಗ್ಬುಡು" ಎಂದು ಅವಳ ಮೊಣಕಾಲು ಸವರಿದ. ಆಮೇಲೆ ಬೇಲಿಯ ಬುಡದಲ್ಲಿ ಕೂತು, ಮುಖದ ಮೇಲೆ ಕಂಬಳಿ ಎಳೆದುಕೊಂಡು ಅತ್ತ. ಅಳುತ್ತಲೇ ನಿದ್ದೆ ಹೋದ. ಆಗಲೂ ಮೇಲೆ ನೋಡಲಿಲ್ಲ.

ಹಗ್ಗ ಕಳಚಿತ್ತಲ್ಲ? ಚುಕ್ಕಿ ತಲೆ ಎತ್ತಿದಳು. ಒಂದು ಆಳೆತ್ತರ ಎತ್ತಿದಳು. ಇನ್ನೂ ಒಂದು ಆಳೆತ್ತರ ಎತ್ತಿದಳು. ಆದರೂ ನೆತ್ತಿಯ ಕೊಂಬೆ ಒಂದು ಮೊಳ ದೂರವೇ ಉಳಿಯಿತು.

"ತಪ್ಪು ಮಾಡಿದವನು ನಾನು, ತಿದ್ದುವವನೂ ನಾನೇ" ಎಂದಿತು ಗಾಳಿ. ಮೆಲ್ಲಗೆ, ಮಲಗಿದ ಮಂಟಯ್ಯ ಏಳದ ಹಾಗೆ ಬೀಸಿತು. ಕೊಂಬೆ ಇಷ್ಟು ಬಾಗಿತು. ಚುಕ್ಕಿ ನಾಲಿಗೆಯನ್ನು ಅಷ್ಟುದ್ದ ಚಾಚಿದಳು. ಮೊದಲ ಎಲೆ ಸಿಕ್ಕಿತು. ಆಮೇಲೆ ಒಂದು ಗೊಂಚಲು ಹಣ್ಣು.

"ತಿನ್ನು ತಾಯಿ. ನಾಳೆ ನಾನಿರುವುದಿಲ್ಲ, ಇರುವುದನ್ನೆಲ್ಲ ತಿನ್ನು" ಎಂದಿತು ಮರ.

ಬೆಳಗಾಯಿತು. ಮಂಟಯ್ಯ ಎದೆ ಗಟ್ಟಿ ಮಾಡಿಕೊಂಡು ಕಂಬಳಿ ಸರಿಸಿದ. ನೋಡಿದರೆ ಚುಕ್ಕಿ ನಿಂತಿದ್ದಾಳೆ! ನಾಲ್ಕೂ ಕಾಲು ಊರಿ, ಕಿವಿ ಅಲ್ಲಾಡಿಸುತ್ತಾ ನಿಂತಿದ್ದಾಳೆ. ಅವನು ಓಡಿಹೋದ. ಚುಕ್ಕಿ ಕತ್ತು ಇಳಿಸಿ, ಉದ್ದನೆಯ ನಾಲಿಗೆ ಚಾಚಿ ಅವನ ಕೆನ್ನೆ ನೆಕ್ಕಿದಳು.

ನಾಲಿಗೆ ಕಪ್ಪು ನೇರಳೆ.

ಮಂಟಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಕುರಿಹಟ್ಟಿಗಳಲ್ಲಿ ಅವನು ಕಂಡಿದ್ದ. ನಾಲಿಗೆ ನೀಲಿಗಟ್ಟುವ ರೋಗ ಬಂದರೆ ಮಂದೆಗೆ ಮಂದೆಯೇ ಮಲಗಿಬಿಡುತ್ತದೆ.

"ಅಯ್ಯೋ, ನಾಲ್ಗೆ ರೋಗ! ನಾಲ್ಗೆ ರೋಗ ಬಂದ್ಬುಡ್ತು! ಅಮ್ಮಿ, ಓಡಿ ಬಾರಮ್ಮೀ!" ಎಂದು ಹೆಂಡತಿಯನ್ನು ಕೂಗಿಕೊಂಡ.

ಅವನ ಕೂಗಿಗೆ ಪೊರಕೆ ಹಿಡಿದ ಸಣ್ಣತಾಯಮ್ಮ ಓಡಿ ಬಂದಳು. ಕೊಡಲಿ ಹೊತ್ತವರು ಬಂದರು. ಅವರ ಹಿಂದೆ ಬೇರೆ ಪಂಚೆ ಉಟ್ಟ ಪಾರುಪತ್ತೇಗಾರರೂ ಬಂದರು.

"ನೋಡಿ ಬುದ್ಧಿ, ನಾಲ್ಗೆ ಹೆಂಗಾಗೈತೆ! ಬದುಕ್ದಳು ಅಂತ ಇನ್ನೂ ಖುಷಿಪಡ್ನಿಲ್ಲ, ಆಗ್ಲೇ ರೋಗ" ಎಂದು ಮಂಟಯ್ಯ ತಲೆ ಚಚ್ಚಿಕೊಂಡ.

ಪಾರುಪತ್ತೇಗಾರರ ಮುಖವೂ ಬಿಳಿಚಿತು. ಹುಲಿ ಕೂಡ ಗುರುಗುಡುವುದನ್ನು ನಿಲ್ಲಿಸಿತು.

ಸಣ್ಣತಾಯಮ್ಮ ಮಾತ್ರ ಚುಕ್ಕಿಯ ನಾಲಿಗೆಯನ್ನೇ ನೋಡಿದಳು. ಗಂಡನ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಸೆರಗು ತಿರುಚಿದಳು. ಕೊನೆಗೆ, "ರೋಗ ಅಲ್ಲ, ಏನೂ ಅಲ್ಲ. ಒಸಿ ಇತ್ಲಾಗ್ ನೋಡಿ" ಎಂದಳು.

ಎಂದು ತನ್ನ ನಾಲಿಗೆ ಚಾಚಿದಳು.

ಅದೂ ಕಪ್ಪು ನೇರಳೆ!

ಮಂಟಯ್ಯ ಬಿಟ್ಟ ಬಾಯಿ ಬಿಟ್ಟಂತೆ ನಿಂತ. "ಅಲ್ಲಮ್ಮೀ, ನೀನು ದಿನಾ ಆ ಮರಕ್ಕೆ ಶಾಪ ಹಾಕ್ತಿದ್ದೆಯಲ್ಲ!"

"ಬೈಯೋದು ಬಿದ್ದಿದ್ದಕ್ಕೆ. ರುಚಿಗೆ ಯಾರು ಬೈದ್ರು?" ಎಂದಳು ಸಣ್ಣತಾಯಮ್ಮ, ನಾಚಿಕೆಯಿಂದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. "ಅಷ್ಟು ಬೈದ್ಮೇಲೆ ಎಲ್ರ ಮುಂದೆ ತಿನ್ನೋಕಾಯ್ತದಾ? ಕದ್ದು ತಿಂದು ಬಾಯಿ ತೊಳ್ಕತಿದ್ದೆ, ಇವತ್ತು ನೀವು ಕೂಗಿದ್ದಕ್ಕೆ ಹಂಗೇ ಓಡಿ ಬಂದೆ. ಅವಳೂ ಅಷ್ಟೆ, ಕದ್ದು ತಿಂದವ್ಳೆ. ನೀವು ಒಂದ್ಸಲ ಮೇಲೆ ನೋಡ್ಬಾರ್ದಾ?"

ಆಗ ಮಂಟಯ್ಯ ಮೇಲೆ ನೋಡಿದ.

ನೇರಳೆಮರದ ಅಂಗಳದ ಕಡೆಯ ಕೊಂಬೆಗಳು ಬರಿದಾಗಿದ್ದವು. ಎಲೆ ಕಿತ್ತಲ್ಲೆಲ್ಲ ಇನ್ನೂ ಎಂಜಲು ಹೊಳೆಯುತ್ತಿತ್ತು. ಚುಕ್ಕಿಯ ಬಾಯಿ ಅಷ್ಟೆತ್ತರದಲ್ಲಿತ್ತು. ಅವಳ ಅನ್ನವೂ ಅಷ್ಟೆತ್ತರದಲ್ಲೇ ಇತ್ತು. ತಾನು ಮಾತ್ರ ನೆಲದ ಮೇಲೆ ಅನ್ನ ಸುರಿದು, ಗಿಡ್ಡ ಹಗ್ಗದಲ್ಲಿ ಅವಳನ್ನು ಬಗ್ಗಿಸಿ ಕಟ್ಟಿದ್ದ. ಮಂಟಯ್ಯನಿಗೆ ನಗು ಬಂತು, ಅಳುವೂ ಬಂತು. ಗೂಟವನ್ನು ಕಿತ್ತು ಬೇಲಿಯಾಚೆ ಎಸೆದ.

ಆಮೇಲೆ ಮರದ ಬೊಡ್ಡೆಯನ್ನು ತಬ್ಬಿ ನಿಂತ. "ಬುದ್ಧಿ, ಕೊಡಲಿ ಹಾಕೋದಾದ್ರೆ ಮೊದ್ಲು ನನ್ನ ಮೇಲೆ ಹಾಕ್ಸಿ. ಈ ಮರ ಹೋದ್ರೆ ಈ ಮಗಳು ಉಳಿಯಾಕಿಲ್ಲ" ಎಂದ.

ಪಾರುಪತ್ತೇಗಾರರು ತಮ್ಮ ಪಂಚೆ ನೋಡಿಕೊಂಡರು. ಚುಕ್ಕಿಯನ್ನು ನೋಡಿದರು. ಬಗ್ಗಿ, ಬಿದ್ದಿದ್ದ ಹಣ್ಣೊಂದನ್ನು ಒರೆಸಿ ಬಾಯಿಗೆ ಹಾಕಿಕೊಂಡರು.

"ಪಂಚೆ ಒಗೆದರಾಯಿತು" ಎಂದರು. "ಈ ಬೇಲಿಯುದ್ದಕ್ಕೂ ಇನ್ನಷ್ಟು ಮರ ನೆಡಿಸಿ. ಇವಳ ಸೊಪ್ಪನ್ನು ಇನ್ನು ಮೇಲೆ ಕಂಬದ ತುದಿಗೆ ಕಟ್ಟಿ."

ಎಲ್ಲರೂ ಹೊಟ್ಟೆ ತುಂಬ ಹಣ್ಣು ತಿಂದರು. ತಿಂದು, ಕೆರೆಗೆ ಹೋಗಿ ಬಾಯಿ ಮುಕ್ಕಳಿಸಿದರು. ಲೋಕದ ಬಣ್ಣ ಹಸಿಯಾಗಿತ್ತಲ್ಲ, ತೊಳೆಯದಿದ್ದರೆ ಕುಲಕ್ಕೆಲ್ಲ ಹತ್ತೀತು ಎಂಬ ಭಯ. ಮಂಟಯ್ಯ ಒಂದು ಕೊಡ ನೀರು ತಂದು ಚುಕ್ಕಿಗೂ ಹೇಳಿದ: "ನಾಲ್ಗೆ ಚಾಚವ್ವ, ತೊಳೆದ್ಬುಡ್ತೀನಿ. ಇಲ್ಲಾಂದ್ರೆ ಹುಟ್ಟೋ ಮಕ್ಕಳಿಗೂ ಈ ಕಲೆ ಹೋಗಾಕಿಲ್ಲ."

ಚುಕ್ಕಿ ತಲೆಯನ್ನು ಮೇಲಕ್ಕೆತ್ತಿಕೊಂಡಳು. ಅವನು ಎಷ್ಟು ಕರೆದರೂ ಇಳಿಸಲಿಲ್ಲ. ಮರದ ಕಡೆಗೆ ತಿರುಗಿ, ಎಲ್ಲರಿಗೂ ಕಾಣುವ ಹಾಗೆ ನಾಲಿಗೆ ಚಾಚಿ ನಿಂತಳು.

"ಯಾಕೆ ತೊಳೆಸಿಕೊಳ್ಳಲಿಲ್ಲ ಅವಳು?" ಎಂದು ಗಾಳಿ ಕೇಳಿತು.

ಮರಕ್ಕೆ ಗೊತ್ತಾಗಿತ್ತು. "ಅವಳಿಗೆ ದನಿ ಇಲ್ಲವಲ್ಲ. ತಿಂದ ಅನ್ನದ ಋಣವನ್ನು ಬೇರೆ ಹೇಗೆ ಹೇಳಿಯಾಳು?" ಎಂದಿತು. ಹೇಳುವಾಗ ಅದರ ಎಲೆಗಳೆಲ್ಲ ಅಲುಗಿದವು. ಮಂಟಯ್ಯ ಕೊಡವನ್ನು ಕೆಳಗಿಟ್ಟ. ಆ ಸಲ ಮರದ ಮಾತನ್ನು ಅವನೂ ಕಿವಿಗೊಟ್ಟು ಕೇಳಿದ್ದ.

ಚುಕ್ಕಿಗೆ ಆ ತೋಟದಲ್ಲೇ ಮಗು ಹುಟ್ಟಿತು. ಅದರ ನಾಲಿಗೆಯೂ ನೇರಳೆ. ಸಮುದ್ರದಾಚೆಯ ಅವಳ ಬಳಗದ್ದೂ ನೇರಳೆಯಾಯಿತೆಂದು ಗಾಳಿ ಸುದ್ದಿ ತಂದಿತು. ಕೊಂಬೆಗೆ ಚಾಚಿದ್ದಷ್ಟೇ ನೇರಳೆ, ಬಾಯೊಳಗೇ ಉಳಿದ ಬುಡದ ಭಾಗ ಮೊದಲಿನಂತೆ ಗುಲಾಬಿ.

ಅದಕ್ಕೇ ಮಗೂ, ನೇರಳೆ ತಿಂದ ನಿನ್ನ ನಾಲಿಗೆ ಸಂಜೆಯೊಳಗೆ ತಿಳಿಯಾದರೂ, ಮೃಗಾಲಯದ ಜಿರಾಫೆ ಕಂಬದ ತುದಿಯ ಸೊಪ್ಪಿಗೆ ಚಾಚುವ ನಾಲಿಗೆ ಇವತ್ತಿಗೂ ನೇರಳೆಯಾಗಿಯೇ ಇದೆ: ನಮ್ಮ ಹಾಗೆ ತಿಂದು ಬಾಯಿ ತೊಳೆದುಕೊಂಡು ಮರೆತುಬಿಡಲು ಅವಳಿನ್ನೂ ಕಲಿತಿಲ್ಲ.